ಕಂಪನಿ ಕಟ್ಟಿದರೆ ವಿನಾಯಿತಿ, ಕೈಯಿಂದ ಕಟ್ಟಿದರೆ ತೆರಿಗೆ

2025ರ ಜುಲೈ 4ರಂದು ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಸಹಿ ಹಾಕಿದ ದೊಡ್ಡ ತೆರಿಗೆ ಕಾನೂನಿನ ಬಗ್ಗೆ ನಮ್ಮಲ್ಲೂ ಸಾಕಷ್ಟು ಚರ್ಚೆಯಾಯಿತು. ಟಿಪ್ಸ್ ಹಣಕ್ಕೆ ಸಿಕ್ಕ ರಿಯಾಯಿತಿ, ಬಡವರ ವೈದ್ಯಕೀಯ ನೆರವಿಗೆ ಬಿದ್ದ ಕತ್ತರಿ, ಅಲ್ಲಿಂದ ಊರಿಗೆ ಕಳಿಸುವ ಹಣದ ಮೇಲಿನ ಕರ, ಹೀಗೆ ಮಾತೆಲ್ಲ ಕೆಲವೇ ವಿಷಯಗಳ ಸುತ್ತ ನಡೆಯಿತು. ಅದೇ ಕಾನೂನಿನಲ್ಲಿ ಹೆಚ್ಚು ಜನರ ಕಣ್ಣಿಗೆ ಬೀಳದ ಇನ್ನೊಂದು ಅಂಶವಿದೆ. ನೌಕರನ ಶಿಕ್ಷಣ ಸಾಲದ ಕಂತನ್ನು ಅವನು ದುಡಿಯುವ ಕಂಪನಿ ಕಟ್ಟಿದರೆ, ವರ್ಷಕ್ಕೆ 5,250 ಡಾಲರ್‌ವರೆಗೆ ಆ ಹಣ ಅವನ ಆದಾಯದ ಲೆಕ್ಕಕ್ಕೆ ಬರುವುದಿಲ್ಲ. 2025ರ ಕೊನೆಗೆ ಮುಗಿದುಹೋಗಬೇಕಿದ್ದ ಈ ವಿನಾಯಿತಿ ಈಗ ಕಾಯಂ ಆಗಿದೆ.

ಸಾಲ ಹೊತ್ತವರಿಗೆ ಇದು ಒಳ್ಳೆಯ ಸುದ್ದಿ ಎಂಬುದರಲ್ಲಿ ಅನುಮಾನವಿಲ್ಲ. ಆ ದೇಶದಲ್ಲಿ ಸರ್ಕಾರದಿಂದ ಪಡೆದ ಶಿಕ್ಷಣ ಸಾಲ ತಲೆಯ ಮೇಲಿರುವವರು ನಾಲ್ಕು ಕೋಟಿಗೂ ಹೆಚ್ಚು. ಒಟ್ಟು ಬಾಕಿ 1.6 ಲಕ್ಷ ಕೋಟಿ ಡಾಲರ್‌ನಷ್ಟಿದೆ. ಅಂಥ ಕಡೆ ಯಾರ ಹೆಗಲು ಒಂದಿಷ್ಟು ಹಗುರಾದರೂ ಸಂತೋಷವೇ. ಆದರೆ ತೆರಿಗೆ ವಿನಾಯಿತಿ ಎಂದರೆ ಎಲ್ಲರಿಗೂ ಸೇರಿದ ಬೊಕ್ಕಸದಿಂದ ಬಿಟ್ಟುಕೊಟ್ಟ ಹಣ. ಅದು ಯಾರಿಗೆ, ಯಾವ ದಾರಿಯಲ್ಲಿ ಹೋಗುತ್ತಿದೆ ಎಂದು ಕೇಳುವ ಹಕ್ಕು ಎಲ್ಲ ತೆರಿಗೆದಾರರಿಗೂ ಇದೆ. ಹಾಗೆ ಕೇಳುತ್ತಾ ಹೋದಾಗ ಈ ವ್ಯವಸ್ಥೆಯ ಬುಡದಲ್ಲೇ ಒಂದು ದೋಷ ನನಗೆ ಕಾಣುತ್ತದೆ: ವಿನಾಯಿತಿ ಸಾಲಗಾರನ ಜೊತೆ ಹೋಗುವ ಬದಲು ಅವನ ಕಂಪನಿಯ ಜೊತೆ ಹೋಗುತ್ತಿದೆ. ಕಂತು ಯಾರೇ ಕಟ್ಟಲಿ, ರಿಯಾಯಿತಿ ಸಾಲ ಹೊತ್ತವನಿಗೆ ಸಿಗಬೇಕು ಎಂಬುದು ನನ್ನ ವಾದ.

ಈ ದೋಷ ಹೇಗೆ ನುಸುಳಿತು ಎಂದು ತಿಳಿಯಲು ಅರ್ಧ ಶತಮಾನದಷ್ಟು ಹಿಂದೆ ಹೋಗಬೇಕು. ಅಮೆರಿಕದ ತೆರಿಗೆ ಸಂಹಿತೆಗೆ ಸೆಕ್ಷನ್ 127 ಸೇರಿದ್ದು 1978ರ ಕಾನೂನಿನಿಂದ. ಅದಕ್ಕೆ ಮೊದಲಿನ ನಿಯಮದಂತೆ, ಈಗ ಮಾಡುತ್ತಿರುವ ಕೆಲಸಕ್ಕೇ ಬೇಕಾದ ತರಬೇತಿಯಾದರೆ ಕಂಪನಿ ಕೊಟ್ಟ ಶುಲ್ಕಕ್ಕೆ ತೆರಿಗೆ ಇರಲಿಲ್ಲ. ಹೊಸ ವೃತ್ತಿಗೆ ದಾರಿ ಮಾಡಿಕೊಡುವ ಓದಾದರೆ ತೆರಿಗೆ ಬೀಳುತ್ತಿತ್ತು. ಕೇಳಲು ನ್ಯಾಯವಾಗಿಯೇ ಕಾಣುವ ಈ ನಿಯಮ ಜಾರಿಯಲ್ಲಿ ಬೇರೆಯೇ ಫಲ ಕೊಡುತ್ತಿತ್ತು. ಎಂಜಿನಿಯರೊಬ್ಬ ತನ್ನ ಕ್ಷೇತ್ರದ್ದೇ ಮೇಲ್ಮಟ್ಟದ ಕೋರ್ಸಿಗೆ ಸೇರಿದರೆ ಅವನಿಗೆ ಏನೂ ತಾಗುತ್ತಿರಲಿಲ್ಲ. ಅದೇ ಕಾರ್ಖಾನೆಯ ನೆಲ ಒರೆಸುವವನು ಸಂಜೆ ಕಾಲೇಜಿಗೆ ಹೋಗಿ ಲೆಕ್ಕಪತ್ರ ಕಲಿತು ಮೇಲೆ ಬರಲು ಹೊರಟರೆ, ಕಂಪನಿ ಕಟ್ಟಿದ ಶುಲ್ಕ ಅವನ ಆದಾಯವೆನಿಸಿ ಸಂಬಳದಲ್ಲಿ ಮುರಿತವಾಗುತ್ತಿತ್ತು. ಆಗಲೇ ಮೇಲಿದ್ದವನಿಗೆ ರಿಯಾಯಿತಿ, ಮೇಲೇರಲು ಹೊರಟವನಿಗೆ ಸುಂಕ. ಸೆಕ್ಷನ್ 127 ಈ ತಾರತಮ್ಯವನ್ನು ತೊಡೆದುಹಾಕಿತು. ಯಾವ ಓದಾದರೂ ಸರಿ, ಕಂಪನಿಯ ನೆರವಿಗೆ ತೆರಿಗೆ ಇಲ್ಲ ಎಂದಿತು. 1986ರಲ್ಲಿ ಆ ನೆರವಿನ ವಾರ್ಷಿಕ ಮಿತಿಯನ್ನು 5,250 ಡಾಲರ್ ಎಂದು ಗೊತ್ತುಮಾಡಿದರು. ಹಲವು ಬಾರಿ ಅವಧಿ ಮುಗಿದು, ಮತ್ತೆ ವಿಸ್ತರಣೆಗೊಂಡು, 2013ರ ಜನವರಿಯಲ್ಲಿ ಈ ಸೆಕ್ಷನ್ ಕಾಯಂ ಆಯಿತು.

ಅದರೊಳಗಿನ ಕಟ್ಟುಪಾಡುಗಳೂ ಮೆಚ್ಚುವಂಥವೇ. ಕಂಪನಿಯ ಬಳಿ ಇದಕ್ಕೆಂದೇ ಬರವಣಿಗೆಯಲ್ಲಿ ಒಂದು ಯೋಜನೆ ಇರಬೇಕು. ದೊಡ್ಡ ಸಂಬಳದವರಿಗೆ ಮಾತ್ರ ಅನುಕೂಲವಾಗುವಂತೆ ಅದನ್ನು ಹೆಣೆಯುವಂತಿಲ್ಲ. ಕಂಪನಿಯಲ್ಲಿ ನೂರಕ್ಕೆ ಐದಕ್ಕಿಂತ ಹೆಚ್ಚು ಪಾಲು ಇರುವ ಒಡೆಯರಿಗೂ ಅವರ ಕುಟುಂಬಕ್ಕೂ ಹೋಗುವ ಮೊತ್ತ, ವರ್ಷದ ಒಟ್ಟು ನೆರವಿನ ಶೇ 5ನ್ನು ಮೀರಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ‘ನಗದು ಬೇಕೋ, ಓದಿನ ನೆರವು ಬೇಕೋ’ ಎಂದು ನೌಕರನಿಗೆ ಆಯ್ಕೆ ಕೊಡುವಂತಿಲ್ಲ. ಸಂಬಳವನ್ನೇ ತುಂಡು ಮಾಡಿ, ಒಂದು ತುಂಡಿಗೆ ನೆರವು ಎಂದು ಹೆಸರಿಟ್ಟು ತೆರಿಗೆ ತಪ್ಪಿಸುವ ದಾರಿಗೆ ಹಾಕಿದ ಬೀಗ ಇದು.

2020ರ ಮಾರ್ಚ್‌ನಲ್ಲಿ ಕೋವಿಡ್ ಪರಿಹಾರಕ್ಕೆಂದು ಬಂದ ಕೇರ್ಸ್ ಕಾಯ್ದೆ ಈ ಸೆಕ್ಷನ್ನಿನ ಸ್ವರೂಪವನ್ನೇ ಬದಲಿಸಿತು. ಮುಂದೆ ಓದುವ ಓದಿಗೆ ಸಿಗುತ್ತಿದ್ದ ವಿನಾಯಿತಿ, ಆಗಲೇ ಓದಿ ಮುಗಿಸಿದವರ ಸಾಲಕ್ಕೂ ದೊರೆಯಿತು. ಮೊದಲು ಆ ವರ್ಷದ ಮಟ್ಟಿಗೆ, ಬಳಿಕ 2025ರ ಕೊನೆಯವರೆಗೆ, ಈಗ ಶಾಶ್ವತವಾಗಿ. ಶುಲ್ಕಕ್ಕೂ ಸಾಲಕ್ಕೂ ಸೇರಿಸಿ ಮಿತಿ ಅದೇ 5,250. 1986ರಿಂದ ಈಚೆಗೆ ಅಲ್ಲಿನ ಬೆಲೆಗಳು ಹೆಚ್ಚುಕಡಿಮೆ ಮೂರು ಪಟ್ಟಾಗಿದ್ದರೂ ಅಂಕಿ ಕದಲಲಿಲ್ಲ. 2026ರ ನಂತರದ ವರ್ಷಗಳಲ್ಲಿ ಹಣದುಬ್ಬರಕ್ಕೆ ತಕ್ಕಂತೆ ಅದನ್ನು ಏರಿಸಬೇಕೆಂದು ಹೊಸ ಕಾನೂನು ಹೇಳುತ್ತದೆ.

ಶುಲ್ಕದಿಂದ ಸಾಲಕ್ಕೆ ದಾಟಿದ ಈ ಹೆಜ್ಜೆ ಸಣ್ಣದಾಗಿ ಕಾಣಬಹುದು. ನನ್ನ ತಕರಾರು ಶುರುವಾಗುವುದೇ ಇಲ್ಲಿ. ನೌಕರನನ್ನು ಓದಿಸುವ ವಿಷಯದಲ್ಲಿ ಕಂಪನಿಯನ್ನು ನಡುವೆ ತರಲು ಕಾರಣವಿತ್ತು. ಕಂಪನಿ ಮುಂದಾಗದಿದ್ದರೆ ನೆಲ ಒರೆಸುವವನು ಲೆಕ್ಕಪತ್ರ ಕಲಿಯಲು ಹೋಗುತ್ತಲೇ ಇರಲಿಲ್ಲ. ಅಂದರೆ ವಿನಾಯಿತಿಯ ಆಸೆಯಿಂದ ಹೊಸದೊಂದು ಓದು ಹುಟ್ಟುತ್ತಿತ್ತು. ಸಾಲದ ಮಾತು ಬೇರೆ. ಓದು ಮುಗಿದಿದೆ, ಪದವಿ ಕೈಯಲ್ಲಿದೆ, ಉಳಿದಿರುವುದು ಒಬ್ಬ ವ್ಯಕ್ತಿಯ ಖಾಸಗಿ ಋಣ. ಅದನ್ನು ಕಂಪನಿ ತೀರಿಸಿದರೆ ಯಾರೂ ಹೊಸದಾಗಿ ಏನನ್ನೂ ಕಲಿಯುವುದಿಲ್ಲ. ಆ ಹಣ ಎಲ್ಲ ಅರ್ಥದಲ್ಲೂ ಸಂಬಳವೇ, ಹೋಗುವ ದಾರಿ ಮಾತ್ರ ಬೇರೆ. ಹಾಗಿದ್ದ ಮೇಲೆ ಒಂದು ದಾರಿಗೆ ತೆರಿಗೆ, ಇನ್ನೊಂದಕ್ಕೆ ಮಾಫಿ ಎನ್ನಲು ಆಧಾರವೇನು? ಸಾಲದ ಹೊರೆ ಕಷ್ಟ ಎಂಬುದೇ ಆಧಾರವಾದರೆ, ಆ ಕಷ್ಟ ಎರಡೂ ದಾರಿಯಲ್ಲಿ ನಡೆಯುವವರಿಗೆ ಸಮಾನವಾದದ್ದು.

ಲೆಕ್ಕ ಹಾಕಿ ನೋಡೋಣ. ವರ್ಷಕ್ಕೆ 70,000 ಡಾಲರ್ ಸಂಬಳದ, ಒಂಟಿಯಾಗಿ ರಿಟರ್ನ್ ಸಲ್ಲಿಸುವ ನರ್ಸ್ ಒಬ್ಬರಿದ್ದಾರೆ ಎನ್ನಿ. ಅವರ ಆಸ್ಪತ್ರೆ ತಿಂಗಳಿಗೆ 437 ಡಾಲರ್ 50 ಸೆಂಟ್‌ನಂತೆ ಅವರ ಸಾಲದ ಖಾತೆಗೆ ಕಟ್ಟುತ್ತದೆ. ವರ್ಷಕ್ಕೆ ಸರಿಯಾಗಿ 5,250. ವರ್ಷ ಮುಗಿದ ಮೇಲೆ ಕೈಸೇರುವ ಡಬ್ಲ್ಯೂ-2 ನಮೂನೆಯ ಸಂಬಳದ ಚೌಕದಲ್ಲಿ ಈ ಹಣದ ಸುಳಿವಿರುವುದಿಲ್ಲ, ಇಡೀ ಮೊತ್ತ ಸಾಲಕ್ಕೇ ಹೋಗಿರುತ್ತದೆ. ಎದುರು ಬೀದಿಯ ಸಣ್ಣ ಕ್ಲಿನಿಕ್‌ನಲ್ಲಿ ಅಷ್ಟೇ ಸಂಬಳದ ಇನ್ನೊಬ್ಬ ನರ್ಸ್ ಇದ್ದಾರೆ. ಅಲ್ಲಿ ಇಂಥ ಯೋಜನೆ ಇಲ್ಲ, ಬದಲಿಗೆ ಅವರ ಸಂಬಳವನ್ನೇ 5,250 ಡಾಲರ್ ಏರಿಸಿದ್ದಾರೆ. ಆ ಏರಿಕೆಯ ಮೇಲೆ ಶೇ 22ರ ದರದಲ್ಲಿ 1,155 ಡಾಲರ್ ಆದಾಯ ತೆರಿಗೆ, ಸೋಷಿಯಲ್ ಸೆಕ್ಯುರಿಟಿ ಮತ್ತು ಮೆಡಿಕೇರ್ ಸೇರಿ ಶೇ 7.65ರಂತೆ ಸುಮಾರು 402 ಡಾಲರ್ ಹೋಗುತ್ತದೆ. ರಾಜ್ಯದ ತೆರಿಗೆ ಬಿಟ್ಟರೂ ಕೈಗೆ ಉಳಿಯುವುದು 3,693. ಅದೇ ಸಾಲ, ಅದೇ ಕೆಲಸ. ವರ್ಷಕ್ಕೆ 1,557 ಡಾಲರ್ ವ್ಯತ್ಯಾಸ. ಮೇಲಾಗಿ ಸೋಷಿಯಲ್ ಸೆಕ್ಯುರಿಟಿ, ಮೆಡಿಕೇರ್‌ಗೆ ಆಸ್ಪತ್ರೆ ಕಟ್ಟಬೇಕಿದ್ದ ತನ್ನ ಪಾಲಿನ 402 ಡಾಲರ್ ಅದಕ್ಕೂ ಉಳಿಯಿತು.

ತಾವೇ ಸಾಲ ಕಟ್ಟುವವರಿಗೆ ಅಮೆರಿಕದ ಕಾನೂನಿನಲ್ಲಿ ಏನೂ ಇಲ್ಲ ಎಂದಲ್ಲ. ಸೆಕ್ಷನ್ 221ರ ಪ್ರಕಾರ ವರ್ಷಕ್ಕೆ 2,500 ಡಾಲರ್‌ವರೆಗಿನ ಬಡ್ಡಿಯನ್ನು ಆದಾಯದಿಂದ ಕಳೆಯಬಹುದು. ಅದರ ಬೆಲೆ ನಮ್ಮ ಎರಡನೆಯ ನರ್ಸ್‌ಗೆ ಹೆಚ್ಚೆಂದರೆ 550 ಡಾಲರ್. ಅಸಲಿಗೆ ಏನೂ ಸಿಗದು. ಈ ಕಡಿತಕ್ಕೆ ಆದಾಯದ ಮಿತಿಯೂ ಉಂಟು. 2025ರ ಲೆಕ್ಕದಂತೆ ಒಂಟಿ ತೆರಿಗೆದಾರರ ಆದಾಯ 85,000 ಡಾಲರ್ ದಾಟಿದರೆ ಅದು ಕರಗತೊಡಗುತ್ತದೆ, ಒಂದು ಲಕ್ಷಕ್ಕೆ ಪೂರ್ತಿ ಮಾಯವಾಗುತ್ತದೆ. ಕಂಪನಿ ಕಟ್ಟುವ 5,250ಕ್ಕೆ ಮಾತ್ರ ಯಾವ ಆದಾಯ ಮಿತಿಯೂ ಇಲ್ಲ. ಹೆಚ್ಚು ದುಡಿಯುವವರಿಗೆ ಅದರಿಂದ ಸಿಗುವುದೂ ಹೆಚ್ಚು. ಆದಾಯ ತೆರಿಗೆಯೊಂದನ್ನೇ ಹಿಡಿದರೂ ಶೇ 12ರ ಹಂತದವರಿಗೆ 630, ಶೇ 22ರವರಿಗೆ 1,155, ಶೇ 32ರವರಿಗೆ 1,680 ಡಾಲರ್ ಉಳಿತಾಯ. ಸಾಲ ಭಾರವಾಗಿರುವ ಕಡೆ ಕಡಿಮೆ, ಹಗುರಾಗಿರುವ ಕಡೆ ಹೆಚ್ಚು ಸಿಗುವ ನೆರವನ್ನು ನೆರವು ಎನ್ನುವುದು ಕಷ್ಟ.

ಈ ವಿನಾಯಿತಿಯ ನೆರಳು ಬೀಳದವರ ಪಟ್ಟಿ ದೊಡ್ಡದು. ಒಬ್ಬರೇ ಅಂಗಡಿ ನಡೆಸುವವರು, ಆ್ಯಪ್ ನಂಬಿ ಗಾಡಿ ಓಡಿಸುವವರು, ಇಂಥ ಯೋಜನೆ ಮಾಡಿಟ್ಟುಕೊಳ್ಳಲು ಎಚ್‌ಆರ್ ವಿಭಾಗವೇ ಇಲ್ಲದ ಸಣ್ಣ ಸಂಸ್ಥೆಗಳ ನೌಕರರು. ಮಕ್ಕಳ ಓದಿಗೆಂದು ‘ಪೇರೆಂಟ್ ಪ್ಲಸ್’ ಸಾಲ ತೆಗೆದ ತಂದೆತಾಯಿಯರೂ ಇದರ ಹೊರಗೆ, ಏಕೆಂದರೆ ಸಾಲ ನೌಕರನ ಸ್ವಂತ ಓದಿನದ್ದೇ ಆಗಿರಬೇಕು. ಇದ್ದ ಕೆಲಸ ಬಿಡುವವರ ಪಾಡೂ ಇದೇ. ಕೆಲಸ ಬಿಟ್ಟ ದಿನ ನೆರವು ನಿಲ್ಲುತ್ತದೆ, ಸಾಲ ನಿಲ್ಲುವುದಿಲ್ಲ. ಅನ್ಯಾಯ ಸಹಿಸಿಕೊಂಡಾದರೂ ಅದೇ ಕುರ್ಚಿಯಲ್ಲಿ ಕೂರಬೇಕಾದ ಒತ್ತಡಕ್ಕೆ ತೆರಿಗೆ ಕಾನೂನೇ ಬಲ ತುಂಬಿದಂತಾಗುತ್ತದೆ.

2025ರ ಕಾನೂನು ಮುಂದುವರಿಸಿದ್ದನ್ನು ನೋಡಿದೆವು. ಅದು ಕೈಬಿಟ್ಟಿದ್ದನ್ನೂ ನೋಡಬೇಕು. ಆದಾಯಕ್ಕೆ ತಕ್ಕಂತೆ ಕಂತು ಕಟ್ಟುವ ಯೋಜನೆಗಳಲ್ಲಿ 20 ಅಥವಾ 25 ವರ್ಷ ಕಟ್ಟಿದ ಮೇಲೂ ಉಳಿದ ಬಾಕಿಯನ್ನು ಸರ್ಕಾರ ಮನ್ನಾ ಮಾಡುತ್ತದೆ. ಅಷ್ಟು ದೀರ್ಘ ಕಾಲ ಕಟ್ಟಿಯೂ ಬಾಕಿ ಉಳಿದಿದೆ ಎಂದರೆ ಅವರ ದುಡಿಮೆ ಜೀವನವಿಡೀ ಅಷ್ಟಕ್ಕಷ್ಟೇ ಇತ್ತು ಎಂದರ್ಥ. ಹೀಗೆ ಮನ್ನಾ ಆದ ಸಾಲಕ್ಕೆ ಕೇಂದ್ರ ತೆರಿಗೆ ಇಲ್ಲ ಎಂದು 2021ರ ಅಮೆರಿಕನ್ ರೆಸ್ಕ್ಯೂ ಪ್ಲಾನ್ ಕಾಯ್ದೆ ಹೇಳಿತ್ತು. ಅದರ ಗಡುವೂ 2025ರ ಕೊನೆಗೇ ಇತ್ತು. ಸಾವು ಅಥವಾ ಶಾಶ್ವತ ಅಂಗವೈಕಲ್ಯದ ಕಾರಣಕ್ಕೆ ಆಗುವ ಮನ್ನಾದ ವಿನಾಯಿತಿಯನ್ನು ಹೊಸ ಕಾನೂನು ಉಳಿಸಿಕೊಂಡಿತು, ಆದಾಯ ಆಧಾರಿತ ಮನ್ನಾದ್ದನ್ನು ಬಿಟ್ಟಿತು. ಹತ್ತು ವರ್ಷ ಸಾರ್ವಜನಿಕ ಸೇವೆಯಲ್ಲಿದ್ದವರಿಗೆ ಸಿಗುವ ಮನ್ನಾಕ್ಕೆ ಮೊದಲಿನಂತೆ ತೆರಿಗೆ ಇಲ್ಲ. ಆಸ್ತಿಗಿಂತ ಸಾಲವೇ ಹೆಚ್ಚಾಗಿ ದಿವಾಳಿ ಸ್ಥಿತಿಯಲ್ಲಿರುವವರಿಗೂ ಬೇರೆ ನಿಯಮದಡಿ ರಕ್ಷಣೆ ಉಂಟು. ಉಳಿದವರಿಗೆ 2026ರಿಂದ ಮನ್ನಾ ಆದ ಮೊತ್ತ ಆ ವರ್ಷದ ಆದಾಯ. 45,000 ಡಾಲರ್ ಸಂಬಳದ ಒಂಟಿ ಮಹಿಳೆಗೆ 30,000 ಡಾಲರ್ ಸಾಲ ಮನ್ನಾ ಆದರೆ, ಒಂದು ಪೈಸೆಯೂ ಕೈಗೆ ಬಾರದ ಆ ‘ಆದಾಯ’ಕ್ಕೆ ನಾಲ್ಕು ಸಾವಿರ ಡಾಲರ್ ಮೀರಿದ ತೆರಿಗೆ ಕಟ್ಟಬೇಕಾಗುತ್ತದೆ. ಕಾಲು ಶತಮಾನ ಕಂತು ಕಟ್ಟಿ ದಣಿದವರ ಸಾಲ ತೀರಿದರೆ ಅದು ಆದಾಯ, ಒಳ್ಳೆಯ ಕಂಪನಿಯಲ್ಲಿ ಕೆಲಸ ಸಿಕ್ಕವರ ಸಾಲ ತೀರಿದರೆ ಅದು ಆದಾಯವಲ್ಲ. ಒಂದೇ ಶಾಸನಸಭೆ ಒಂದೇ ಕಾನೂನಿನಲ್ಲಿ ಈ ಎರಡನ್ನೂ ಒಪ್ಪಿದೆ. ಇದಕ್ಕೆ ಸಮರ್ಥನೆ ನನಗಂತೂ ಸಿಕ್ಕಿಲ್ಲ.

ಈ ವಿಷಯ ನಮ್ಮ ಮನೆಗಳಿಂದ ದೂರದ್ದಲ್ಲ. 2023–24ರ ಶೈಕ್ಷಣಿಕ ವರ್ಷದಲ್ಲಿ ಅಮೆರಿಕದಲ್ಲಿದ್ದ ಭಾರತೀಯ ವಿದ್ಯಾರ್ಥಿಗಳ ಸಂಖ್ಯೆ 3.31 ಲಕ್ಷ ದಾಟಿತ್ತು. ಅವರಲ್ಲಿ ದಾವಣಗೆರೆ, ಹುಬ್ಬಳ್ಳಿ, ಮೈಸೂರು, ಮಂಗಳೂರಿನ ಮಕ್ಕಳೂ ಇದ್ದಾರೆ. ಎಂಎಸ್ ಓದಲು ಹೊರಟವರ ಮನೆಯವರು ಬ್ಯಾಂಕ್ ಮ್ಯಾನೇಜರರ ಮೇಜಿನ ಮುಂದೆ ಕುಳಿತುಕೊಳ್ಳುವ ದಿನ ಹಲವರಿಗೆ ಗೊತ್ತು. ಸರ್ಕಾರಿ ಬ್ಯಾಂಕುಗಳಲ್ಲಿ ಸಾಮಾನ್ಯವಾಗಿ ಏಳೂವರೆ ಲಕ್ಷ ಮೀರಿದ ಸಾಲಕ್ಕೆ ಆಸ್ತಿ ತೋರಿಸಬೇಕು. ಸೈಟಿನ ಕಾಗದ, ಮನೆಯ ಖಾತಾ, ತಂದೆಯ ಸಂಬಳ ಪತ್ರ, ತಾಯಿಯ ಸಹಿ, ಎಲ್ಲವೂ ಆ ಕಡತ ಸೇರುತ್ತವೆ. ಅರ್ಜಿಯಲ್ಲಿ ಸಾಲಗಾರನ ಹೆಸರಿನ ಜಾಗ ತುಂಬುವಾಗ ಯಾರೂ ಹೆಚ್ಚು ಯೋಚಿಸುವುದಿಲ್ಲ. ಮುಂದೆ ಎರಡು ದೇಶಗಳ ತೆರಿಗೆ ಆ ಒಂದು ಸಾಲನ್ನೇ ನೋಡುತ್ತದೆ. ಸೆಕ್ಷನ್ 127 ಸಾಲ ಕೊಟ್ಟ ಬ್ಯಾಂಕು ಯಾವ ದೇಶದ್ದು ಎಂದು ಕೇಳುವುದಿಲ್ಲ, ನೌಕರನ ಪೌರತ್ವವನ್ನೂ ಕೇಳುವುದಿಲ್ಲ. ಅರ್ಹ ಸಂಸ್ಥೆಯಲ್ಲಿ ನೌಕರನೇ ಓದಿದ ಓದಿಗಾಗಿ, ನೌಕರನೇ ಮಾಡಿದ ಸಾಲವೇ ಎಂದು ಕೇಳುತ್ತದೆ. ಮಗ ಸಾಲಗಾರನಾಗಿದ್ದು ತಂದೆ ಸಹಸಾಲಗಾರರಾಗಿದ್ದರೆ ಅಲ್ಲಿನ ಕಂಪನಿಯ ನೆರವಿಗೆ ಬಾಗಿಲು ತೆರೆದಿದೆ. ಸಾಲ ಪೂರ್ತಿ ತಂದೆಯ ಹೆಸರಲ್ಲಿದ್ದರೆ, ಕಂತು ಮಗನ ಜೇಬಿನಿಂದಲೇ ಹೋಗುತ್ತಿದ್ದರೂ, ಆ ಬಾಗಿಲು ಮುಚ್ಚಿದೆ.

ಇನ್ನು ನನ್ನ ವಾದಕ್ಕೆ ಎದುರು ನಿಲ್ಲುವ ಮಾತುಗಳು. ಮೊದಲನೆಯದು, ಕಾಲೇಜು ಮೆಟ್ಟಿಲು ಹತ್ತದ ಲಾರಿ ಚಾಲಕನ ತೆರಿಗೆ ಹಣದಿಂದ ಪದವೀಧರನ ಸಾಲಕ್ಕೆ ಏಕೆ ರಿಯಾಯಿತಿ ಎಂಬುದು. ಇದು ತೂಕದ ಪ್ರಶ್ನೆ. ಆದರೆ ಆದಾಯ ಮಿತಿಯೇ ಇಲ್ಲದ ಈಗಿನ ವಿನಾಯಿತಿಗೇ ಅದು ಹೆಚ್ಚು ತಾಗುತ್ತದೆ. ಮೂರು ಲಕ್ಷ ಡಾಲರ್ ದುಡಿಯುವ ವಕೀಲನ ಕಂತಿಗೂ ಆ ಚಾಲಕನೇ ಹೆಗಲು ಕೊಡುತ್ತಿದ್ದಾನೆ. ನೆರವಿಗೊಂದು ಆದಾಯ ಮಿತಿ ಇಟ್ಟರೆ ಪ್ರಶ್ನೆಯ ಮೊನೆ ಬಹುಪಾಲು ಮೊಂಡಾಗುತ್ತದೆ. ಎರಡನೆಯದು, ತೆರಿಗೆಯ ಆಸೆ ತೋರಿಸದಿದ್ದರೆ ಕಂಪನಿಗಳು ಸಾಲ ತೀರಿಸಲು ಮುಂದೆ ಬರುವುದಿಲ್ಲ ಎಂಬುದು. ಕಂಪನಿಗಳು ಮುಂದೆ ಬರುವುದು ನುರಿತ ಕೆಲಸಗಾರರನ್ನು ಉಳಿಸಿಕೊಳ್ಳಲು, ಅದು ಅವುಗಳ ಸ್ವಂತ ಲಾಭದ ಲೆಕ್ಕ. ಆ ಲೆಕ್ಕ ನಡೆಯಲಿ, ಅದಕ್ಕಿರುವ ವಿನಾಯಿತಿಯನ್ನು ತೆಗೆಯಿರಿ ಎಂದು ನಾನೂ ಹೇಳುತ್ತಿಲ್ಲ. ಕಂಪನಿಯ ದಯೆಗೆ ಬೀಳದವರನ್ನೂ ಸಾಲಿಗೆ ಸೇರಿಸಿ ಎನ್ನುತ್ತಿದ್ದೇನೆ. ಮೂರನೆಯದು, ರಿಯಾಯಿತಿ ಹೆಚ್ಚಿದಷ್ಟೂ ಕಾಲೇಜುಗಳು ಶುಲ್ಕ ಏರಿಸುತ್ತವೆ ಎಂಬ ಭಯ. ಈಗಾಗಲೇ ಮಾಡಿರುವ ಸಾಲದ ವಿಷಯದಲ್ಲಿ ಈ ಭಯಕ್ಕೆ ಜಾಗವಿಲ್ಲ, ಕಟ್ಟಿದ ಶುಲ್ಕವನ್ನು ಯಾರೂ ಹಿಂದಕ್ಕೆ ಹೋಗಿ ಏರಿಸಲಾರರು. ಮುಂದಿನ ಸಾಲಗಳಿಗೆ ಅದು ನಿಜವಾಗಬಹುದು. ಅದಕ್ಕಾಗಿಯೇ ವರ್ಷದ ಮಿತಿ ಸಾಧಾರಣವಾಗಿರಬೇಕು.

ಹಾಗಾದರೆ ಆಗಬೇಕಾದದ್ದೇನು? ಸಾಲ ಹೊತ್ತ ಪ್ರತಿಯೊಬ್ಬರಿಗೂ ವರ್ಷಕ್ಕೆ ಒಂದೇ ಮಿತಿ. ಆ ಮಿತಿಯೊಳಗೆ ಕಂಪನಿ ಎಷ್ಟು ಕಟ್ಟಿತು, ತಾನೆಷ್ಟು ಕಟ್ಟಿದೆ ಎಂಬ ಭೇದ ಬೇಡ. ಅಸಲು ಬಡ್ಡಿ ಎರಡೂ ಸೇರಲಿ. ರಿಯಾಯಿತಿಯನ್ನು ಆದಾಯದಿಂದ ಕಳೆಯುವ ಬದಲು, ಕಟ್ಟಿದ ಮೊತ್ತದ ಗೊತ್ತಾದ ಪಾಲನ್ನು ತೆರಿಗೆಯಿಂದಲೇ ಕಳೆಯುವಂತಾದರೆ ಶೇ 12ರವರಿಗೂ ಶೇ 32ರವರಿಗೂ ಒಂದು ಡಾಲರಿಗೆ ಸಿಗುವುದು ಒಂದೇ. ಬಡ್ಡಿ ಕಡಿತಕ್ಕೆ ಈಗಾಗಲೇ ಇರುವ ಆದಾಯ ಮಿತಿ ಇದಕ್ಕೂ ಅನ್ವಯಿಸಲಿ. ದೊಡ್ಡ ಸಂಬಳದವರಿಂದ ಉಳಿಯುವ ಹಣ ಉಳಿದವರಿಗೆ ಹರಡಲು ಒದಗುತ್ತದೆ. ನೌಕರ ತಾನೇ ಕಟ್ಟಿದ್ದನ್ನು ಮಾನ್ಯ ಮಾಡುವುದು ಅಮೆರಿಕದ ಕಾನೂನಿಗೆ ಹೊಸದೂ ಅಲ್ಲ. 2022ರ ಡಿಸೆಂಬರ್‌ನ ಸೆಕ್ಯೂರ್ 2.0 ಕಾಯ್ದೆಯಿಂದಾಗಿ, ನೌಕರ ತನ್ನ ಸಾಲಕ್ಕೆ ಕಟ್ಟಿದ ಕಂತನ್ನೇ ನಿವೃತ್ತಿ ಉಳಿತಾಯವೆಂದು ಎಣಿಸಿ ಕಂಪನಿ ಅವನ 401(ಕೆ) ಖಾತೆಗೆ ತನ್ನ ಪಾಲು ತುಂಬಲು 2024ರಿಂದ ಅವಕಾಶವಿದೆ. ಸಾಲ ಕಟ್ಟುತ್ತಾ ಮುಪ್ಪಿಗೆ ಕೂಡಿಡಲಾಗದವರ ಸ್ವಂತ ಶ್ರಮಕ್ಕೆ ಅಲ್ಲಿ ಬೆಲೆ ಸಿಕ್ಕಿದೆ. ಅದನ್ನೇ ತೆರಿಗೆಯಲ್ಲೂ ಒಪ್ಪಲು ಅಡ್ಡಿ ಏನಿದೆ?

ನಮ್ಮ ದೇಶದಲ್ಲೂ ಇದೇ ವಿನಾಯಿತಿ ಬರಲಿ ಎಂದು ಬೆಂಗಳೂರಿನ ಐಟಿ ನೌಕರರು ಬಯಸುವುದು ಸಹಜ. ಇಲ್ಲಿನ ನಿಯಮ ಪೂರ್ತಿ ತಿರುವುಮುರುವು. ನೌಕರ ತೀರಿಸಬೇಕಾದ ಋಣವನ್ನು ಕಂಪನಿ ತೀರಿಸಿದರೆ ಆದಾಯ ತೆರಿಗೆ ಕಾನೂನಿನಂತೆ ಅದು ಪರ್ಕ್ವಿಸಿಟ್ (ಸಂಬಳದ ಜೊತೆ ಸಿಗುವ ಸವಲತ್ತು), ಪೂರ್ತಿ ಸಂಬಳಕ್ಕೆ ಸೇರಿ ತೆರಿಗೆಗೆ ಒಳಪಡುತ್ತದೆ. ತಾನೇ ಕಟ್ಟಿದರೆ, 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಸೆಕ್ಷನ್ 80ಇ ಎಂದು ಹೆಸರಾದ ಬಡ್ಡಿ ಕಡಿತವಿದೆ. ತನ್ನ, ಸಂಗಾತಿಯ ಅಥವಾ ಮಕ್ಕಳ ಉನ್ನತ ಶಿಕ್ಷಣಕ್ಕೆ ಮಾಡಿದ ಸಾಲದ ಇಡೀ ಬಡ್ಡಿಯನ್ನು, ಮೊತ್ತದ ಮಿತಿಯಿಲ್ಲದೆ, ಎಂಟು ವರ್ಷದವರೆಗೆ ಆದಾಯದಿಂದ ಕಳೆಯಬಹುದು. ಒಂದು ವಿಷಯದಲ್ಲಿ ನಮ್ಮ ಕಾನೂನೇ ಉದಾರ: ಅದು ಸಾಲ ಹೊತ್ತವನನ್ನು ನೋಡುತ್ತದೆ, ಅವನು ಎಲ್ಲಿ ದುಡಿಯುತ್ತಾನೆಂದು ನೋಡುವುದಿಲ್ಲ. ಆದರೆ ಈ ಕಡಿತ ಸಿಗುವುದು ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. 2023–24ರಿಂದ ಎಲ್ಲರಿಗೂ ತಾನಾಗಿ ಅನ್ವಯಿಸುವ ಹೊಸ ಪದ್ಧತಿಯಲ್ಲಿ ಅದಕ್ಕೆ ಜಾಗವಿಲ್ಲ. ಹೀಗೆ ಇದ್ದ ಒಳ್ಳೆಯ ನಿಯಮ ಕಾಗದದ ಮೇಲೆ ಉಳಿದು ಬಳಕೆಯಿಂದ ಜಾರುತ್ತಿದೆ.

ಅಮೆರಿಕದ ನಿಯಮವನ್ನು ಇಲ್ಲಿಗೆ ಹಾಗೇ ತಂದರೆ ಏನಾಗುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ಸಿಟಿಸಿಯನ್ನು ಹತ್ತಾರು ಹೆಸರಿನ ಭತ್ಯೆಗಳಾಗಿ ಒಡೆಯುವುದು ನಮ್ಮ ಕಂಪನಿಗಳಿಗೆ ರೂಢಿಯಾಗಿರುವ ಕೆಲಸ. ನಗದು ಮತ್ತು ನೆರವಿನ ನಡುವೆ ಆಯ್ಕೆ ಕೊಡಬಾರದೆಂಬ ಬೀಗವಿಲ್ಲದೆ ವಿನಾಯಿತಿ ಮಾತ್ರ ಬಂದರೆ, ಅದೇ ಸಂಬಳದಲ್ಲಿ ‘ಶಿಕ್ಷಣ ಸಾಲ ನೆರವು’ ಎಂಬ ಇನ್ನೊಂದು ಸಾಲು ಮೂಡುತ್ತದೆ, ನೌಕರನಿಗೆ ಕಂಪನಿಯಿಂದ ಒಂದು ರೂಪಾಯಿಯೂ ಹೆಚ್ಚು ಬಂದಿರುವುದಿಲ್ಲ. ಇನ್ನೊಂದು ಮಾತನ್ನೂ ಮರೆಯಬಾರದು. 2025–26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷ ರೂಪಾಯಿವರೆಗಿನ ಆದಾಯಕ್ಕೆ ತೆರಿಗೆ ಇಲ್ಲ. ತಿಂಗಳಿಗೆ 30 ಸಾವಿರ ದುಡಿದು ಅದರಲ್ಲಿ ಎಂಟು ಸಾವಿರ ಕಂತು ಕಟ್ಟುವ ಹುಡುಗಿಗೆ ಯಾವ ತೆರಿಗೆ ವಿನಾಯಿತಿಯೂ ಪ್ರಯೋಜನಕ್ಕಿಲ್ಲ. ಅವಳಿಗೆ ಬೇಕಾದದ್ದು ಬಡ್ಡಿಯಲ್ಲೇ ಸಹಾಯ. 2024ರ ನವೆಂಬರ್‌ನಲ್ಲಿ ಕೇಂದ್ರ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ವಾರ್ಷಿಕ 8 ಲಕ್ಷದೊಳಗಿನ ಆದಾಯದ ಕುಟುಂಬಗಳಿಗೆ 10 ಲಕ್ಷದವರೆಗಿನ ಸಾಲದ ಮೇಲೆ ಶೇ 3ರಷ್ಟು ಬಡ್ಡಿ ರಿಯಾಯಿತಿ ಇದೆ. ಆದರೆ ಅದು ಆಯ್ದ ಉನ್ನತ ಶ್ರೇಯಾಂಕದ ಸಂಸ್ಥೆಗಳಲ್ಲಿ ಓದುವವರಿಗೆ, ಅದೂ ಓದಿನ ಮತ್ತು ಕಂತು ಶುರುವಾಗುವ ಮುಂಚಿನ ಅವಧಿಗೆ. ಜಿಲ್ಲಾ ಕೇಂದ್ರದ ಸಾಧಾರಣ ಕಾಲೇಜಿನಲ್ಲಿ ಓದಿ, ಕೆಲಸಕ್ಕೆ ಸೇರಿ, ಕಂತು ಕಟ್ಟುತ್ತಿರುವವರಿಗೆ ಅಲ್ಲಿ ಏನೂ ಇಲ್ಲ.

ಆದ್ದರಿಂದ ನಮ್ಮಲ್ಲಿ ಮೊದಲು ಆಗಬೇಕಾದ ಕೆಲಸ ಎರಡು. ಶಿಕ್ಷಣ ಸಾಲದ ಬಡ್ಡಿ ಕಡಿತವನ್ನು ಹೊಸ ಪದ್ಧತಿಯೊಳಕ್ಕೆ ತರಬೇಕು, ತೆರಿಗೆ ಮಿತಿಯ ಕೆಳಗಿರುವ ಸಾಲಗಾರರಿಗೆ ಕಂತು ಕಟ್ಟುವ ಕಾಲದಲ್ಲೂ ಬಡ್ಡಿ ಸಹಾಯ ಸಿಗಬೇಕು. ಕಂಪನಿಗಳ ನೆರವಿಗೆ ವಿನಾಯಿತಿ ಕೊಡುವ ಮಾತು ಅದರ ನಂತರದ್ದು. ಅಮೆರಿಕ ಆ ಕ್ರಮವನ್ನು ತಲೆಕೆಳಗು ಮಾಡಿತು. ಕಂಪನಿಗಳ ದಾರಿಯನ್ನು ಕಾಯಂ ಮಾಡಿ, ತಾವೇ ಕಟ್ಟುವವರನ್ನು 2,500 ಡಾಲರ್ ಬಡ್ಡಿಗೆ ಸೀಮಿತಗೊಳಿಸಿ, ಮನ್ನಾ ಪಡೆದವರ ಮೇಲೆ ತೆರಿಗೆ ಹಾಕಿತು. ಓದಿಗಾಗಿ ಮಾಡಿದ ಸಾಲಕ್ಕೆ ಸಮಾಜ ಕೈಜೋಡಿಸಬೇಕು ಎಂದು ಒಪ್ಪಿದ ಮೇಲೆ, ಆ ಕೈ ಮೊದಲು ಮುಟ್ಟಬೇಕಾದದ್ದು ಕಂತು ಕಟ್ಟಲು ಅತಿ ಹೆಚ್ಚು ಕಷ್ಟಪಡುವವರನ್ನು. ಯಾರಿಗೆ ಎಂಥ ಮಾಲೀಕ ಸಿಕ್ಕಿದ ಎಂಬುದು ಅದೃಷ್ಟದ ಮಾತು, ತೆರಿಗೆ ಕಾನೂನು ಅದೃಷ್ಟದ ಮೇಲೆ ನಿಲ್ಲಬಾರದು.